ಸಾಕ್ರಾಮೆಂತುಂ: ಮದುವೆಗೆ ಮುಂಚೆ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲೇ ಕೂತಿದೆ. ಮಾಂಟ್ರಿಯಲ್‌ನಲ್ಲಿ ಸಿಟ್ಟು ಬಂದವರು ‘ಸಾಕ್ರಮಾಂ!’ ಅಂತ ಬೈಯುತ್ತಾರೆ, ಅದೇ ಪದ ನಮ್ಮ ಮದುವೆಯ ಅರ್ಜಿಯಲ್ಲೂ ಇದೆಯಲ್ಲಪ್ಪಾ, ಅಂದೆ. ಕ್ವಿಬೆಕ್‌ನ ಫ್ರೆಂಚ್ ಜನ ಪೂಜೆಯ ಪಾತ್ರೆ, ಪರಮಪ್ರಸಾದದ ಪೆಟ್ಟಿಗೆ, ಎಲ್ಲದರ ಹೆಸರನ್ನೂ ಬೈಗುಳ ಮಾಡಿಕೊಂಡಿದ್ದಾರೆ. ತಲೆಮಾರುಗಟ್ಟಲೆ ಅಲ್ಲಿನ ಶಾಲೆ, ಆಸ್ಪತ್ರೆ, ಸಂಸಾರ ಎಲ್ಲದರ ಮೇಲೂ ಚರ್ಚಿನ ಹಿಡಿತವಿತ್ತು. ಆ ಸಿಟ್ಟೆಲ್ಲ ನಾಲಗೆಗೆ ಬಂತು. 1960ರ ದಶಕದಲ್ಲಿ ಹಿಡಿತ ಸಡಿಲವಾಯಿತು, ಬೈಗುಳ ಮಾತ್ರ ಉಳಿಯಿತು. ಅದನ್ನು ಕೇಳಿ ನಿನಗೆ ಕಸಿವಿಸಿಯಾಗುವುದು ಸಹಜ. ಆದರೆ ‘ಈ ಪದಕ್ಕೆ ಇನ್ನೇನು ಅರ್ಥ ಉಳಿದಿದೆ, ರಿಜಿಸ್ಟ್ರಾರ್ ಮುಂದೆ ಸಹಿ ಹಾಕಿದರೆ ಸಾಲದಾ’ ಅಂದೆಯಲ್ಲ, ಅದಕ್ಕೆ ಉತ್ತರ ಬರೆಯದೆ ಇರಲಾರೆ.

ಜ್ಞಾನೋಪದೇಶದ ತರಗತಿಯಲ್ಲಿ ‘ಏಳು ಸಂಸ್ಕಾರಗಳು’, ಅಂದರೆ ಚರ್ಚಿನ ಏಳು ಪವಿತ್ರ ವಿಧಿಗಳು, ಅಂತ ನೀನು ಬಾಯಿಪಾಠ ಮಾಡಿದ್ದು ಈ ಪದವನ್ನೇ. ಲತೀನಿನಲ್ಲಿ ಸಾಕ್ರಾಮೆಂತುಂ. ಅದರ ಹಳೆಯ ಅರ್ಥಗಳಲ್ಲಿ ಒಂದು ನನ್ನ ವಕೀಲಿಕೆಗೇ ಸೇರಿದ್ದು. ರೋಮಿನ ಹಳೇ ಕಾಲದ ದಾವೆಗಳಲ್ಲಿ ವಾದಿ, ಪ್ರತಿವಾದಿ ಇಬ್ಬರೂ ತಮ್ಮ ಮಾತೇ ನಿಜವೆಂದು ಪಣ ಕಟ್ಟಬೇಕಿತ್ತು. ಆ ಪಣದ ಹಣಕ್ಕೆ ಸಾಕ್ರಾಮೆಂತುಂ ಎಂದು ಹೆಸರು. ಗೆದ್ದವನದು ಅವನಿಗೇ ಉಳಿಯುತ್ತಿತ್ತು, ಸೋತವನದು ಬೊಕ್ಕಸಕ್ಕೆ. ವ್ಯಾಜ್ಯದ ಸ್ವತ್ತು 1000 ಆಸ್ ನಾಣ್ಯ ಅಥವಾ ಅದಕ್ಕಿಂತ ಹೆಚ್ಚು ಬಾಳಿದರೆ ಪಣ 500, ಕಡಿಮೆಯಾದರೆ 50. ಆದರೆ ಒಬ್ಬ ಮನುಷ್ಯ ಗುಲಾಮನೋ ಸ್ವತಂತ್ರನೋ ಎಂಬ ವ್ಯಾಜ್ಯ ಬಂದರೆ, ಆ ಆಳಿಗೆ ಎಷ್ಟೇ ಬೆಲೆಯಿರಲಿ, ಪಣ 50 ಮಾತ್ರ. ಅವನ ಬಿಡುಗಡೆಗಾಗಿ ನಿಂತವರ ಮೇಲೆ ಹೊರೆ ಬೀಳಬಾರದು ಅಂತ. ಕೋರ್ಟ್ ಫೀ ಹೊಂದಿಸಲಾಗದೆ ಹಿಂದೆ ಸರಿದ ಕಕ್ಷಿದಾರರನ್ನು ಕಂಡ ನನಗೆ ಈ ಸಾಲು ಓದಿದಾಗ ಎದೆ ತುಂಬಿ ಬಂತು.

ಇದನ್ನು ಬರೆದಿಟ್ಟವನು ಗಾಯಸ್, ಎರಡನೆಯ ಶತಮಾನದ ಕಾನೂನು ಪಂಡಿತ. ಅವನ ಪುಸ್ತಕ ಕಣ್ಮರೆಯಾಗಿತ್ತು. 1816ರಲ್ಲಿ ನೀಬೂರ್ ಎಂಬ ಜರ್ಮನ್ ವಿದ್ವಾಂಸರು ಇಟಲಿಯ ವೆರೋನಾದ ಗ್ರಂಥಾಲಯದಲ್ಲಿ ಸಂತ ಜೆರೋಮರ ಪತ್ರಗಳ ಹಳೇ ಚರ್ಮದ ಹಾಳೆಗಳನ್ನು ನೋಡುತ್ತಿದ್ದಾಗ ಅಕ್ಷರಗಳ ಅಡಿಯಲ್ಲಿ ಇನ್ನೊಂದು ಬರಹ ಕಾಣಿಸಿತು. ಗಾಯಸನನ್ನು ಅಳಿಸಿ ಅದೇ ಹಾಳೆಯ ಮೇಲೆ ಯಾರೋ ಜೆರೋಮರನ್ನು ನಕಲು ಮಾಡಿದ್ದರು.

ಪದದ ಇನ್ನೊಂದು ಅರ್ಥ ಸೈನಿಕರದು. ಸೇನೆಗೆ ಸೇರುವವರು ಮಾಡುತ್ತಿದ್ದ ಪ್ರಮಾಣವೂ ಸಾಕ್ರಾಮೆಂತುಂ. ಒಬ್ಬ ಪೂರ್ತಿ ಹೇಳುತ್ತಿದ್ದ, ಉಳಿದವರು ಒಬ್ಬೊಬ್ಬರಾಗಿ ಬಂದು ‘ನನಗೂ ಅದೇ’ ಅನ್ನುತ್ತಿದ್ದರು. ಈ ಅರ್ಥದಲ್ಲೇ ಅದು ನಮ್ಮವರ ಕಥೆಯೊಳಗೆ ಬರುತ್ತದೆ. ಸುಮಾರು ಕ್ರಿ.ಶ. 112ರಲ್ಲಿ, ಈಗಿನ ಉತ್ತರ ಟರ್ಕಿಯಲ್ಲಿ ರೋಮಿನ ರಾಜ್ಯಪಾಲನಾಗಿದ್ದ ಪ್ಲಿನಿ, ಕ್ರೈಸ್ತರನ್ನು ಹಿಡಿದು ವಿಚಾರಿಸಿ ಚಕ್ರವರ್ತಿ ಟ್ರಾಜನ್‌ಗೆ ವರದಿ ಬರೆದ. ಈ ಜನ ಗೊತ್ತುಮಾಡಿದ ದಿನ ಬೆಳಗಾಗುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ಹಾಡಿ ಹೊಗಳುತ್ತಾರೆ, ಒಂದು ಸಾಕ್ರಾಮೆಂತುಂಗೆ ತಮ್ಮನ್ನು ಕಟ್ಟಿಕೊಳ್ಳುತ್ತಾರೆ. ಏನಂತ? ಕಳ್ಳತನ, ದರೋಡೆ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟ ಠೇವಣಿ ಕೇಳಿದಾಗ ಇಲ್ಲ ಅನ್ನುವುದಿಲ್ಲ. ಇನ್ನಷ್ಟು ನಿಜ ಹೊರಡಿಸಲು ಇಬ್ಬರು ದಾಸಿಯರನ್ನು ಹಿಂಸಿಸಿದೆ ಅಂತಲೂ ಅವನೇ ಬರೆಯುತ್ತಾನೆ. ಆ ಇಬ್ಬರ ಹೆಸರನ್ನು ಅವನು ಬರೆದಿಲ್ಲ. ಅದು ನನಗೆ ಇವತ್ತಿಗೂ ನೋವು.

ಸುಮಾರು ಮೂರು ತಲೆಮಾರು ಕಳೆದ ಮೇಲೆ ಉತ್ತರ ಆಫ್ರಿಕಾದ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಸೆರೆಮನೆಯಲ್ಲಿದ್ದ ಕ್ರೈಸ್ತರಿಗೆ ಬರೆಯುತ್ತಾ, ಸ್ನಾನದೀಕ್ಷೆಯ ದಿನ ನಾವು ಉತ್ತರಿಸಿದ್ದು ಸೈನಿಕನ ಪ್ರಮಾಣದ ಹಾಗೆಯೇ ಎಂಬರ್ಥದ ಮಾತು ಹೇಳುತ್ತಾನೆ. ಅಷ್ಟರಲ್ಲಿ ಬೈಬಲನ್ನು ಲತೀನಿಗೆ ತಂದವರು ಗ್ರೀಕಿನ ‘ಮಿಸ್ತೇರಿಯೊನ್’, ಅಂದರೆ ರಹಸ್ಯ, ಎಂಬಲ್ಲಿ ಹಲವು ಕಡೆ ಇದೇ ಪದ ಹಾಕಿದರು. ಅಲ್ಲಿಂದ ಅದು ಹರಡಿಕೊಂಡಿತು. ಆಫ್ರಿಕಾದ ಚರ್ಚುಗಳಲ್ಲಿ ದೀಕ್ಷೆಗೆ ಕಾಯುತ್ತಿದ್ದವರಿಗೆ ಕೊಡುವ ಉಪ್ಪಿಗೂ ಆ ಹೆಸರಿತ್ತು. ಸಂಸ್ಕಾರಗಳ ಲೆಕ್ಕ ಏಳಕ್ಕೆ ನಿಂತಿದ್ದು ಹನ್ನೆರಡನೆಯ ಶತಮಾನದಲ್ಲಿ, ಕಥೋಲಿಕ ಚರ್ಚಿನ ಟ್ರೆಂಟ್ ಮಹಾಸಭೆ ಅದನ್ನು ಶಾಸನ ಮಾಡಿದ್ದು 1547ರಲ್ಲಿ.

ಈಗ ಮದುವೆಗೆ ಬರೋಣ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರ ಗಂಡಹೆಂಡತಿ ಒಂದೇ ಶರೀರವಾಗುವುದನ್ನು ಹೇಳಿ, ಇದು ದೊಡ್ಡ ‘ಮಿಸ್ತೇರಿಯೊನ್’ ಅನ್ನುತ್ತದೆ. ಲತೀನ್ ಬೈಬಲಿನಲ್ಲಿ ಸಾಕ್ರಾಮೆಂತುಂ. 1520ರಲ್ಲಿ ಪ್ರೊಟೆಸ್ಟಂಟ್ ಸುಧಾರಣೆಯ ಮುಂದಾಳು ಲೂಥರ್ ಇದನ್ನೇ ಹಿಡಿದು, ಮೂಲದಲ್ಲಿರುವುದು ರಹಸ್ಯ, ಇದರ ಮೇಲೆ ಮದುವೆಯನ್ನು ಸಂಸ್ಕಾರ ಮಾಡಲಾಗದು ಅಂದರು. ಗ್ರೀಕಿನ ಮಟ್ಟಿಗೆ ಅವರ ಮಾತು ಸರಿ ಅಂತ ಕಥೋಲಿಕನಾದ ನಾನೂ ಒಪ್ಪುತ್ತೇನೆ. ಆದರೂ ಮದುವೆಗೆ ಆ ಹೆಸರು ಸಲ್ಲುತ್ತದೆ ಅನ್ನುವುದಕ್ಕೆ ನನ್ನ ಕಾರಣ ಬೇರೆ. ನಮ್ಮ ಲತೀನ್ ಸಂಪ್ರದಾಯದಲ್ಲಿ ಈ ಸಂಸ್ಕಾರವನ್ನು ಕೊಡುವವರು ಫಾದರ್ ಅಲ್ಲ, ಮದುಮಕ್ಕಳೇ. ಅವನಿಗೆ ನೀನು, ನಿನಗೆ ಅವನು. ಫಾದರ್ ನಿಂತು ನಿಮ್ಮ ಒಪ್ಪಿಗೆ ಕೇಳಿ ಸ್ವೀಕರಿಸುತ್ತಾರೆ. (ಪೂರ್ವದ ಚರ್ಚುಗಳಲ್ಲಿ ಹೀಗಲ್ಲ, ಅಲ್ಲಿ ಗುರುಗಳ ಆಶೀರ್ವಾದ ಬೇಕೇ ಬೇಕು.) ಒಂದು ಕಾಲಕ್ಕೆ ಗುರು, ಸಾಕ್ಷಿ ಯಾರೂ ಇಲ್ಲದೆ ಇಬ್ಬರೇ ಮಾತು ಕೊಟ್ಟುಕೊಂಡರೂ ಮದುವೆ ಆದಂತೆಯೇ. ಆಮೇಲೆ ಗಂಡು ‘ನಾನು ಹೇಳೇ ಇಲ್ಲ’ ಅಂದುಬಿಟ್ಟರೆ ಹೆಣ್ಣಿನ ಗತಿಯೇನು? ಇಂಥ ಗುಟ್ಟಿನ ಮದುವೆಗಳನ್ನು ತಡೆಯಲೆಂದೇ 1563ರಲ್ಲಿ ಟ್ರೆಂಟ್ ಸಭೆ ಗುರು ಮತ್ತು ಸಾಕ್ಷಿಗಳು ಇರಲೇಬೇಕೆಂದಿತು.

ರಿಜಿಸ್ಟ್ರಾರ್ ಮುಂದೆ ಹಾಕುವ ಸಹಿ ಕಡಿಮೆಯದು ಅಂತ ನಾನು ಹೇಳುವುದಿಲ್ಲ, ಅದೂ ಮಾತು ಕೊಟ್ಟಂತೆಯೇ. ನನ್ನ ಆಸೆ ಇಷ್ಟು: ನಾವು ನಂಬಿದ ದೇವರ ಮುಂದೆ, ನಿನ್ನನ್ನು ಎತ್ತಿ ಆಡಿಸಿದ ಜನರ ಎದುರು, ಆ ಮಾತನ್ನು ನಿನ್ನ ಬಾಯಿಂದಲೇ ಕೇಳಬೇಕು. ಫಾದರ್ ಹೇಳಿಕೊಟ್ಟದ್ದನ್ನು ತುಂಡು ತುಂಡಾಗಿ ಒಪ್ಪಿಸಬೇಡಿ, ಇಬ್ಬರೂ ಬಾಯಿಪಾಠ ಮಾಡಿ ಬನ್ನಿ. ಫೋಟೋದವರಿಗೆ ಆ ಹೊತ್ತಿನಲ್ಲಿ ಅಡ್ಡ ಬರಬೇಡಿ ಅಂತ ನಾನೇ ಹೇಳಿಡುತ್ತೇನೆ.

ಇದನ್ನೆಲ್ಲ ಓದಿದ ಮೇಲೂ ಬೇಡ ಅನಿಸಿದರೆ ಮುಚ್ಚುಮರೆಯಿಲ್ಲದೆ ಹೇಳು, ನಿನ್ನ ಅಮ್ಮನಿಗೆ ನಾನು ತಿಳಿಸಿ ಹೇಳುತ್ತೇನೆ. ಬೇಕು ಅಂದರೆ ಸಾಕ್ಷಿಗಳಿಬ್ಬರು ಯಾರು ಅಂತ ಭಾನುವಾರದೊಳಗೆ ತಿಳಿಸು, ಫಾದರ್ ಕೇಳುತ್ತಿದ್ದಾರೆ. ನಿನ್ನ ಸ್ನಾನದೀಕ್ಷೆಯ ಪತ್ರ ಚರ್ಚಿನ ಕಚೇರಿಯಿಂದ ತಂದಿಟ್ಟಿದ್ದೇನೆ, ಹುಡುಗನದನ್ನು ಬೇಗ ಕಳಿಸಲು ಹೇಳು.

ನಿನ್ನ
ಅಪ್ಪ