ಟ್ಯೂಬ್‌ಲೈಟ್ ಹಾಡದ ಕೋಣೆ

ಧನ್ಯವಾದ ಹೇಳಬೇಕಾದವರನ್ನೆಲ್ಲ ಬರೆದುಕೊಳ್ಳಲು ಕುಳಿತಾಗ ಮೊದಲು ನೆನಪಾದವರು ವಿಶ್ವವಿದ್ಯಾಲಯದ ಎಲೆಕ್ಟ್ರಿಷಿಯನ್. ಗ್ರಂಥಾಲಯದ ಹಿಂಬದಿಯ ಆ ಕೋಣೆಯಲ್ಲಿ ಎರಡು ಹಳೆಯ ಟ್ಯೂಬ್‌ಲೈಟ್‌ಗಳಿದ್ದವು. ನಮ್ಮ ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ನನ್ನ ಮಗಳು ಮಾತ್ರ ಹೊಸ್ತಿಲಲ್ಲೇ ನಿಂತು, ಎರಡೂ ಕಿವಿ ಮುಚ್ಚಿಕೊಂಡು, "ಎಡಗಡೆಯದು ಜಾಸ್ತಿ ಹಾಡುತ್ತಿದೆ" ಎಂದಳು. ಅವರು ನಗಲಿಲ್ಲ. ಏಣಿ ತಂದು ಹತ್ತಿ, ಚೋಕಿನ ಹತ್ತಿರ ಕಿವಿಯಿಟ್ಟು ಕೇಳಿ, "ಹೌದು ತಂಗಿ, ಹಾಡುತ್ತಿದೆ" ಎಂದರು. ಸಂಜೆಯೊಳಗೆ ಎರಡೂ ಟ್ಯೂಬ್‌ಗಳು ಹೋಗಿ ಹಳದಿ ಬೆಳಕಿನ ಎಲ್‌ಇಡಿ ದೀಪಗಳು ಬಂದವು.

ಆ ಕೋಣೆಯೇ ಈಗ ಆಟಿಸಂ, ಅಂದರೆ ಸ್ವಲೀನತೆ, ಇರುವ ವಿದ್ಯಾರ್ಥಿಗಳ ಬೆಂಬಲ ಕೇಂದ್ರ. ಈ ಮುಂಗಾರಿಗೆ ಅದಕ್ಕೆ ಒಂದು ವರ್ಷ ತುಂಬಿತು. ಮಗಳು ಅದೇ ಕೋಣೆಯಲ್ಲಿ ಕುಳಿತು ಪರೀಕ್ಷೆ ಬರೆದು ಭೂಗೋಳಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದಾಳೆ. ಈ ಬರಹಕ್ಕೆ ಅವಳ ಒಪ್ಪಿಗೆ ಕೇಳಿದೆ. "ನನ್ನ ಹೆಸರು ಬೇಡ, ಮಳೆಯ ವಿಷಯ ಬರೆ" ಎಂದಳು. ಹಾಗೆಯೇ ಆಗಲಿ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗಳಿಗೆ ಮೂರು ವರ್ಷ ತುಂಬಿದರೂ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋದೆವು. ಹೋಗಿ ನೋಡಿ ಎಂದು ಒತ್ತಾಯಿಸಿದವರು ನಮ್ಮೂರಿನ ಅಂಗನವಾಡಿ ಅಕ್ಕ. ಅವರು ಹಾಗೆ ಬೆನ್ನು ಹತ್ತದಿದ್ದರೆ ನಾವು ಇನ್ನೂ ಎರಡು ವರ್ಷ "ಹುಷಾರಾಗುತ್ತಾಳೆ" ಎಂದುಕೊಂಡೇ ಇರುತ್ತಿದ್ದೆವು. ಅಲ್ಲಿ ಕಿವಿ ಸರಿಯಾಗಿದೆ ಎಂದರು, ಸ್ವಲೀನತೆ ಎಂಬ ಮಾತನ್ನು ಮೊದಲ ಬಾರಿಗೆ ಹೇಳಿದರು. ಆಗ ಅವಳಿಗೆ ಸ್ವಂತ ಮಾತಿರಲಿಲ್ಲ, ಆದರೆ ಭದ್ರಾವತಿ ಆಕಾಶವಾಣಿಯಲ್ಲಿ ಕೇಳಿದ ಹವಾಮಾನ ವರದಿಯನ್ನು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ಅದನ್ನು ಗಿಳಿಪಾಠವೆಂದು ನಾನು ನಾಚಿಕೊಂಡು ಮುಚ್ಚಿಡುತ್ತಿದ್ದೆ. ಅಲ್ಲಿನ ವಾಕ್ ಚಿಕಿತ್ಸಕಿ, "ತಡೆಯಬೇಡಿ, ಅವಳು ಮಾತಿಗೆ ಬರುತ್ತಿರುವ ದಾರಿ ಅದು" ಎಂದರು. ಅಂದು ಶಿವಮೊಗ್ಗಕ್ಕೆ ಮರಳುವ ರೈಲಿನಲ್ಲಿ ನಾನು ಅತ್ತದ್ದು ದುಃಖಕ್ಕಲ್ಲ. ಆ ಚಿಕಿತ್ಸಕಿ ಈಗ ಎಲ್ಲಿದ್ದಾರೋ, ಅವರಿಗೆ ನನ್ನ ನಮಸ್ಕಾರ ಮುಟ್ಟಲಿ.

ಊರಿನಲ್ಲಿ ಮಾತುಗಳು ಬೇರೆಯೇ ಇದ್ದವು. ತಾಯಿ ನೌಕರಿಗೆ ಹೋಗುತ್ತಾಳೆ, ಮಗುವಿನ ಜೊತೆ ಮಾತಾಡುವುದಿಲ್ಲ, ಅದಕ್ಕೇ ಹೀಗೆ ಎಂದರು. ಆ ಮಾತನ್ನು ಹತ್ತು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ್ದೇನೆ. ಇಂಥ ಮಕ್ಕಳಿಗೆ ತಾಯಂದಿರ ತಣ್ಣನೆಯ ನಡತೆಯೇ ಕಾರಣವೆಂದು ವೈದ್ಯಲೋಕವೇ ಒಂದು ಕಾಲದಲ್ಲಿ ನಂಬಿತ್ತೆಂದು ಮುಂದೆ ಓದಿ ತಿಳಿದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯರು ಸ್ವಲೀನತೆಯಿದ್ದ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಮೇಲೆ ಆ ಆರೋಪವನ್ನು ಗಟ್ಟಿಯಾಗಿ ಅಲ್ಲಗಳೆಯಲು 1964ರವರೆಗೆ ಕಾಯಬೇಕಾಯಿತು. ಅಲ್ಲಗಳೆದವರು ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು. ಅವರ ಮಗನಿಗೂ ಸ್ವಲೀನತೆ ಇತ್ತು. ಇದನ್ನು ಓದಿದ ದಿನ ಒಬ್ಬ ಅಪರಿಚಿತ ಅಪ್ಪ ಬಂದು ನನ್ನ ಹೆಗಲಿನ ಹೊರೆ ಇಳಿಸಿದಂತಾಯಿತು. ಇದು ರೋಗವಲ್ಲ, ಮೆದುಳು ಬೆಳೆಯುವ ಬಗೆಯೇ ಬೇರೆ. ಔಷಧಿ ಕುಡಿಸಿ ತೆಗೆದುಹಾಕುವಂಥದ್ದಲ್ಲ. ಪೂರ್ತಿ ಗುಣಪಡಿಸುತ್ತೇವೆ ಎಂದವರಿಗೆ ನಾವೂ ಒಂದು ವರ್ಷದ ಅಡಿಕೆಯ ಹಣ ಸುರಿದಿದ್ದೇವೆ. ಓದುತ್ತಿರುವ ತಂದೆತಾಯಿಯರು ಯಾರಾದರೂ ಅಂಥ ಬಾಗಿಲಲ್ಲಿ ನಿಂತಿದ್ದರೆ ದಯವಿಟ್ಟು ಹಿಂದಿರುಗಿ ಬನ್ನಿ.

ನಮ್ಮ ಮನೆಯಲ್ಲಿ ಮಗಳ ಭಾಷೆ ಮೊದಲು ಕಲಿತವರು ನನ್ನ ಅತ್ತೆ. ಅವರಿಗೆ ಆಟಿಸಂ ಎಂಬ ಪದ ಕೊನೆಯವರೆಗೂ ಬಾಯಿಗೆ ಹತ್ತಲಿಲ್ಲ. ಜಗಲಿಯಲ್ಲಿ ಕುಳಿತು, ಮೊಮ್ಮಗಳ ಮುಖ ನೋಡದೆ, ಮಳೆಯನ್ನು ನೋಡುತ್ತ, "ಆರಿದ್ರಾ ಮುಗಿಯಿತು, ಪುನರ್ವಸು ಹಿಡಿಯಿತು" ಎನ್ನುತ್ತಿದ್ದರು. ಎದುರಿನವರ ಕಣ್ಣು ನೋಡಿ ಮಾತಾಡು ಎಂದು ನಾನು ಗದರುತ್ತಿದ್ದ ಮಗು, ಅಜ್ಜಿಯ ಪಕ್ಕದಲ್ಲಿ ತಾನೂ ಮಳೆಯನ್ನೇ ನೋಡುತ್ತ ಉತ್ತರ ಕೊಡುತ್ತಿತ್ತು. ಏಳನೆಯ ವಯಸ್ಸಿಗೆ ಇಪ್ಪತ್ತೇಳು ನಕ್ಷತ್ರಗಳೂ ಅವುಗಳ ಮಳೆ ಹುಟ್ಟುವ ದಿನಗಳೂ ಅವಳಿಗೆ ಬಾಯಿಪಾಠ. ಶಾಲೆಯ ಮೂಲೆಯಲ್ಲಿ ಬಿದ್ದಿದ್ದ ಮಳೆಮಾಪಕವನ್ನು ಅಂಗಳದಲ್ಲಿ ಇಟ್ಟುಕೊಟ್ಟವರು ಅವಳ ಅಪ್ಪ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿದು 8.30ಕ್ಕೆ ಶುರುವಾಗುತ್ತದೆ. ನಮ್ಮ ಮನೆಯ ದಿನವೂ ಅಂದಿನಿಂದ ಹಾಗೆಯೇ. ಆಗುಂಬೆಯ ಲೆಕ್ಕ ಪತ್ರಿಕೆಯಲ್ಲಿ ಬರುತ್ತಿತ್ತು, ನಮ್ಮ ಅಂಗಳದ ಲೆಕ್ಕ ಅವಳ ನೋಟ್‌ಪುಸ್ತಕದಲ್ಲಿ. ಎರಡನ್ನೂ ಪಕ್ಕಪಕ್ಕ ಬರೆಯುತ್ತಿದ್ದಳು. ಮಳೆ ಎಂದರೆ ಪ್ರಾಣ, ಆದರೆ ಕೊಟ್ಟಿಗೆಯ ಶೀಟಿನ ಮೇಲೆ ಬೀಳುವ ಮಳೆಯ ಸದ್ದನ್ನು ತಡೆದುಕೊಳ್ಳಲಾರಳು. ಅಜ್ಜಿ ಆ ಶೀಟಿನ ಮೇಲೆ ಅಡಿಕೆ ಸೋಗೆ ಹೊದಿಸಿದರು. ಈಗ ತಜ್ಞರು ಹೊಂದಾಣಿಕೆ ಎನ್ನುವುದನ್ನು ಅವರು ಸೋಗೆಯಲ್ಲಿ ಮಾಡಿ ತೋರಿಸಿದ್ದರು. ಕೇಂದ್ರದ ಬಾಗಿಲು ತೆರೆಯುವುದನ್ನು ಅವರು ನೋಡಬೇಕಿತ್ತು.

ಶಾಲೆಯ ವರ್ಷಗಳನ್ನು ಬೇಗ ದಾಟಿಬಿಡುತ್ತೇನೆ. ಒಂದು ಕಡೆ ಸೇರಿಸಿಕೊಳ್ಳಲಿಲ್ಲ, ಇನ್ನೊಂದು ಕಡೆ ಸೇರಿಸಿಕೊಂಡು ಹಿಂದಿನ ಬೆಂಚಿನಲ್ಲಿ ಮರೆತರು. ಕೇಳಲು ನಮ್ಮ ಕೈಯಲ್ಲಿ ಕಾಗದವೂ ಇರಲಿಲ್ಲ. ಅಂಗವಿಕಲರಿಗಾಗಿ ಬಂದ 1995ರ ಕಾಯಿದೆಯ ಏಳು ವಿಧಗಳಲ್ಲಿ ಸ್ವಲೀನತೆ ಸೇರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅದರ ಹೆಸರು ಬಂತು. 2016ರ ಹಕ್ಕುಗಳ ಕಾಯಿದೆ 21 ವಿಧಗಳನ್ನು ಪಟ್ಟಿಮಾಡಿದಾಗ ಅಲ್ಲಿಯೂ ಸೇರಿತು. ಪ್ರಮಾಣಪತ್ರ ನಮ್ಮ ಕೈಗೆ ಬಂದದ್ದು ಅವಳು ಪ್ರೌಢಶಾಲೆ ಮುಗಿಸುವ ಹೊತ್ತಿಗೆ.

ವಿಶ್ವವಿದ್ಯಾಲಯದಲ್ಲಿ ಮೊದಲ ಸೆಮಿಸ್ಟರ್ ಮುಗಿಯುವ ಮೊದಲೇ ಅವಳು ಮನೆಗೆ ಬಂದುಬಿಟ್ಟಳು. ಪಾಠ ಕಷ್ಟವಾಗಿ ಅಲ್ಲ. ತರಗತಿಯ ಕೋಣೆ ಹೇಳದೆ ಬದಲಾಗುತ್ತಿತ್ತು, ಊಟದ ಮನೆಯಲ್ಲಿ ತಟ್ಟೆಗಳ ಸದ್ದು, ಎಲ್ಲರೂ ನಗುವಾಗ ಯಾಕೆಂದು ತಿಳಿಯದೆ ತಾನೂ ನಕ್ಕು ನಕ್ಕು ಸುಸ್ತಾಗುತ್ತಿದ್ದಳು. ಹೆಣ್ಣುಮಕ್ಕಳು ಹೀಗೆ ಬೇರೆಯವರನ್ನು ನೋಡಿ ನೋಡಿ ನಟಿಸುವುದರಿಂದಲೇ ಎಷ್ಟೋ ಸಲ ಅವರ ಸ್ವಲೀನತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳನ್ನು ಕಂಡುಕೊಂಡವರು ಮನಶ್ಶಾಸ್ತ್ರ ವಿಭಾಗದ ಪ್ರಾಧ್ಯಾಪಕಿ. ನಮ್ಮ ಮನೆಯವರೆಗೂ ಬಂದರು. "ಏನಾಗಿದೆ" ಎಂದು ಕೇಳಲಿಲ್ಲ; "ಏನಿದ್ದರೆ ಅನುಕೂಲ" ಎಂದು ಕೇಳಿದರು. ಮಗಳು ಒಳಗೆ ಹೋಗಿ ಒಂದು ಹಾಳೆಯ ಎರಡೂ ಬದಿ ತುಂಬಿಸಿಕೊಂಡು ಬಂದಳು. ಇಂದಿನ ಕೇಂದ್ರ ಹುಟ್ಟಿದ್ದು ಆ ಹಾಳೆಯಿಂದ.

ಅದನ್ನು ಕೋಣೆಯನ್ನಾಗಿಸಲು ಆ ಪ್ರಾಧ್ಯಾಪಕಿ ಎಷ್ಟು ಮೆಟ್ಟಿಲು ಹತ್ತಿದರೆಂದು ನನಗೆ ಗೊತ್ತು. ಸಭೆಯಲ್ಲಿ, "ಎಷ್ಟು ಜನ ವಿದ್ಯಾರ್ಥಿಗಳಿಗಾಗಿ ಇದು?" ಎಂಬ ಪ್ರಶ್ನೆ ಬಂತಂತೆ. "ಬಾಗಿಲು ತೆರೆಯದೆ ಹೇಗೆ ಎಣಿಸಲಿ?" ಎಂದು ಅವರು ಕೇಳಿದರಂತೆ. ಕಡತ ಮುಂದೆ ಸಾಗಿದ್ದು ಆಡಳಿತ ಕಚೇರಿಯ ಒಬ್ಬ ಗುಮಾಸ್ತರ ದೆಸೆಯಿಂದ. ಉನ್ನತ ಶಿಕ್ಷಣದಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಂತೆ ಸೀಟು ಮೀಸಲಿಡಬೇಕೆಂಬ 2016ರ ಕಾಯಿದೆಯ ಸಾಲಿಗೆ, ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂಬ 2018ರ ಮಾರ್ಗಸೂಚಿಗೆ ಅವರೇ ಕೆಂಪು ಗೆರೆ ಎಳೆದು ಕಡತಕ್ಕೆ ಲಗತ್ತಿಸಿದ್ದರು. "ಸೀಟು ಕೊಟ್ಟು ಕೂರಲು ಜಾಗ ಕೊಡದಿದ್ದರೆ ಹೇಗಮ್ಮ" ಎಂದಷ್ಟೇ ನನಗೆ ಹೇಳಿದರು. ನಿವೃತ್ತಿಯ ಅಂಚಿನಲ್ಲಿರುವ ಅವರಿಗೆ ಆಯುಷ್ಯ ಆರೋಗ್ಯ ಚೆನ್ನಾಗಿರಲಿ.

ಕೇಂದ್ರ ಎಂದಾಕ್ಷಣ ದೊಡ್ಡದೇನನ್ನೂ ಊಹಿಸಬೇಡಿ. ದಪ್ಪ ಪರದೆ, ನಾಲ್ಕು ಮೇಜು, ಒಂದು ಚಾಪೆ, ಸದ್ದು ತಡೆಯುವ ಹೆಡ್‌ಫೋನುಗಳು. ಗೋಡೆಯ ಮೇಲೆ ಆ ವಾರದ ವೇಳಾಪಟ್ಟಿ. ಬದಲಾವಣೆಯಿದ್ದರೆ ಹಿಂದಿನ ಸಂಜೆಯೇ ಅಲ್ಲಿ ಬರೆಯಬೇಕೆಂದು ವಿಭಾಗಗಳು ಒಪ್ಪಿಕೊಂಡಿವೆ. ತಿಂಗಳಿಗೊಂದು ಶನಿವಾರ ತಂದೆತಾಯಿಯರು ಸೇರುತ್ತೇವೆ. ಸಾಗರ, ಹೊಸನಗರ, ಸೊರಬದಿಂದಲೂ ಬರುತ್ತಾರೆ, ಅವರಲ್ಲಿ ಕೆಲವರ ಮಕ್ಕಳು ಇನ್ನೂ ಅಂಗನವಾಡಿಯಲ್ಲಿದ್ದಾರೆ. ಬಾಗಿಲಿಗೆ ಫಲಕ ಬೇಡವೆಂದದ್ದು ಕೇಂದ್ರದ ವಿದ್ಯಾರ್ಥಿಗಳೇ. "ಓದಿಕೊಂಡು ಒಳಗೆ ಬರಲು ಹೆದರುತ್ತಾರೆ" ಎಂದರು. ಹಾಗಾಗಿ ಕೋಣೆಯ ಸಂಖ್ಯೆ ಮಾತ್ರ ಇದೆ. ಇದು ಸರಿಯಾದ ತೀರ್ಮಾನವೆಂದು ನಾನು ಬಲವಾಗಿ ನಂಬುತ್ತೇನೆ, ಏಕೆಂದರೆ ಪ್ರಮಾಣಪತ್ರವಿಲ್ಲದ ಇಬ್ಬರು, ಸುಮ್ಮನೆ ಕತ್ತಲೆಯಲ್ಲಿ ಕೂರಲು ಬಂದವರು, ತಮಗೂ ಸ್ವಲೀನತೆ ಇರಬಹುದೆಂದು ಅಲ್ಲಿಯೇ ಮೊದಲು ಬಾಯಿಬಿಟ್ಟು ಹೇಳಿಕೊಂಡರು.

ಹಾಸ್ಟೆಲಿನ ಅಡುಗೆಯ ಅಕ್ಕನಿಗೆ ನಾನು ಋಣಿ. ಅನ್ನಕ್ಕೆ ಸಾರು ತಾಗಿದರೆ ಮಗಳು ಉಣ್ಣುವುದಿಲ್ಲವೆಂದು ಎರಡು ವರ್ಷವೂ ಬೇರೆ ಬೇರೆ ಬಟ್ಟಲಿನಲ್ಲಿ ಬಡಿಸಿದರು. ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಅಣ್ಣ ಇವಳು ಹತ್ತಿದ ಕೂಡಲೇ ಹಾಡಿನ ಸದ್ದು ತಗ್ಗಿಸುತ್ತಿದ್ದರು. ಮಂಡಗದ್ದೆಯಲ್ಲಿ ಹಕ್ಕಿಗಳು ಬಂದಿದ್ದರೆ ತೋರಿಸುತ್ತಿದ್ದರು, ಗಾಜನೂರು ದಾಟುವಾಗ ತುಂಗೆಯ ನೀರಿನ ಮಟ್ಟ ಇವಳಿಂದ ಕೇಳಿ ತಿಳಿದುಕೊಳ್ಳುತ್ತಿದ್ದರು. ಇನ್ನು ಅವಳ ಮಾರ್ಗದರ್ಶಕರು. ನಮ್ಮ ಅಂಗಳದ ಹದಿನಾಲ್ಕು ಮಳೆಗಾಲದ ನೋಟ್‌ಪುಸ್ತಕಗಳನ್ನೇ ಪ್ರಬಂಧದ ವಿಷಯವಾಗಿ ಒಪ್ಪಿಕೊಂಡು, ಮೌಖಿಕ ಪರೀಕ್ಷೆಯ ಪ್ರಶ್ನೆಗಳನ್ನು ಬರೆದುಕೊಟ್ಟು, ಕಿಟಕಿಯ ಕಡೆ ನೋಡುತ್ತಲೇ ಉತ್ತರಿಸಲು ಬಿಟ್ಟರು. ನಲವತ್ತು ನಿಮಿಷ ನಿರರ್ಗಳವಾಗಿ ಮಾತಾಡಿದಳಂತೆ. ಹೊರಗೆ ಕಾರಿಡಾರಿನಲ್ಲಿ ನಿಂತಿದ್ದ ನನಗೆ ಅವಳ ಧ್ವನಿ ಮಾತ್ರ ಕೇಳುತ್ತಿತ್ತು, ಥೇಟ್ ಆ ಹವಾಮಾನ ವರದಿಯ ಧಾಟಿ, ಆದರೆ ಮಾತುಗಳೆಲ್ಲ ಅವಳವೇ.

ಅವಳು ಹಾಸ್ಟೆಲಿನಲ್ಲಿದ್ದ ಎರಡು ವರ್ಷವೂ 8.30ರ ಲೆಕ್ಕ ಒಂದು ದಿನ ತಪ್ಪಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿಯಲ್ಲೂ ಅವಳ ಅಪ್ಪ ತೋಟದಿಂದ ಓಡಿಬಂದು, ನೀಲಿ ಮೆತ್ತಿದ ಕೈ ಒರೆಸಿಕೊಂಡು, ಮಳೆ ಅಳೆದು ಫೋನ್ ಮಾಡುತ್ತಿದ್ದರು. ಅವರು ಮನೆಯವರಾದ್ದರಿಂದ ಹೆಚ್ಚು ಬರೆಯಲು ಸಂಕೋಚ. ಇಷ್ಟು ಸಾಕು.

ಬರುವ ಸೋಮವಾರ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ತರಗತಿ ಶುರುವಾಗುವ ವಾರದ ಮೊದಲೇ ಅವರಿಗೆ ಆವರಣ ಸುತ್ತಿಸಿ ತೋರಿಸುವ ಕೆಲಸವನ್ನು ಕೇಂದ್ರ ಈ ಬಾರಿ ನನ್ನ ಮಗಳಿಗೆ ವಹಿಸಿದೆ. ಅವಳೊಂದು ನಕ್ಷೆ ಬರೆದಿದ್ದಾಳೆ. ಗೇಟಿನಿಂದ ಕೋಣೆಯವರೆಗಿನ ದಾರಿ, ಸದ್ದಿರುವ ಜಾಗಗಳಿಗೆ ಕೆಂಪು ಬಣ್ಣ, ಒಬ್ಬರೇ ಕೂರಬಹುದಾದ ಮರಗಳಿಗೆ ಹಸಿರು, ಶೀಟಿನ ಸೂರುಗಳಿಗೆ "ಮಳೆಯಲ್ಲಿ ಬೇಡ" ಎಂಬ ಸೂಚನೆ. ಮೂವತ್ತು ಪ್ರತಿ ತೆಗೆದುಕೊಟ್ಟ ಜೆರಾಕ್ಸ್ ಅಂಗಡಿಯ ಹುಡುಗ ಹಣ ತೆಗೆದುಕೊಳ್ಳಲಿಲ್ಲ, ತನಗೂ ಒಂದು ಪ್ರತಿ ಇಟ್ಟುಕೊಳ್ಳಬಹುದೇ ಎಂದು ಕೇಳಿದ. ಅವನಿಗೂ ನಮಸ್ಕಾರ.