ಪೂರ್ತಿ ತೋರಿಸಿ, ಇಲ್ಲವೇ ಕರೆಯಲೇಬೇಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಚಿತ್ರೋತ್ಸವದಲ್ಲಿ ಕೌಬಾಯ್ ಚಿತ್ರದ ಪ್ರದರ್ಶನವನ್ನು ನಡುವೆಯೇ ನಿಲ್ಲಿಸಿದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ನಿನ್ನೆ ಪ್ರಕಟವಾದ ವರದಿಯನ್ನು ಓದಿದೆ. ಹಿಂಸೆಯ ದೃಶ್ಯಗಳು ಮಕ್ಕಳ ಮನಸ್ಸನ್ನು ಕೆಡಿಸುತ್ತವೆ ಎಂಬ ಅಧಿಕಾರಿಗಳ ಸಮಜಾಯಿಷಿಯನ್ನು ವರದಿಗಾರರು ಪ್ರಶ್ನಿಸದೆ ಅಚ್ಚು ಹಾಕಿದ್ದಾರೆ. ಆ ಸಂಜೆ ಸಭಾಂಗಣದಲ್ಲಿದ್ದವರಲ್ಲಿ ನಾನೂ ಒಬ್ಬ. ಚಿತ್ರವನ್ನು ಯಾವ ಘಟ್ಟದಲ್ಲಿ ನಿಲ್ಲಿಸಲಾಯಿತು ಎಂಬ ಮುಖ್ಯ ಸಂಗತಿಯೇ ವರದಿಯಲ್ಲಿ ಬಿಟ್ಟುಹೋಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಅಂದು ತೋರಿಸಿದ್ದು 1972ರ ‘ದ ಕಲ್ಪೆಪರ್ ಕ್ಯಾಟಲ್ ಕಂಪನಿ’. ಜಾಹೀರಾತುಗಳಿಗೆ ಛಾಯಾಚಿತ್ರ ತೆಗೆಯುತ್ತಿದ್ದ ಡಿಕ್ ರಿಚರ್ಡ್ಸ್ ನಿರ್ದೇಶಿಸಿದ ಮೊದಲ ಚಿತ್ರವಿದು. ಟೆಕ್ಸಾಸ್‌ನ ಹದಿಹರೆಯದ ಹುಡುಗನೊಬ್ಬ ಪಿಸ್ತೂಲು ಕೊಂಡು, ಕೌಬಾಯ್ ಆಗುವ ಕನಸು ಕಟ್ಟಿಕೊಂಡು, ದನಗಳ ಮಂದೆಯನ್ನು ಕೊಲೊರಾಡೊಗೆ ಹೊಡೆದುಕೊಂಡು ಹೋಗುವ ತಂಡವನ್ನು ಸೇರುತ್ತಾನೆ. ಅವನಿಗೆ ಸಿಗುವುದು ಅಡುಗೆಯವನ ಕೈಯಾಳಿನ ಕೆಲಸ. ಬೇರೇನೂ ಮಾಡಲು ಬಾರದವರು ಮಾಡುವ ಕಸುಬಿದು ಎಂದು ಆ ಅಡುಗೆಯವನೇ ಹುಡುಗನಿಗೆ ಹೇಳಿಬಿಡುತ್ತಾನೆ. ‘ಮೆಕೆನ್ನಾಸ್ ಗೋಲ್ಡ್’ ನೋಡಿ ಕೌಬಾಯ್ ಎಂದರೆ ಚಿನ್ನ, ಕಣಿವೆ, ಸಾಹಸ ಎಂದುಕೊಂಡು ಬೆಳೆದ ನನ್ನ ತಲೆಮಾರಿನವರಿಗೆ ಇಲ್ಲಿ ಕಾಣುವುದು ಬರೀ ಧೂಳು, ಬೆವರು, ನಿದ್ದೆಗೆಟ್ಟ ಕಣ್ಣುಗಳು. ಸಂಗತಿಯೂ ಹಾಗೆಯೇ ಇತ್ತು. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲಿನ ಸುಮಾರು ಎರಡು ದಶಕಗಳ ಕಾಲ, ಹತ್ತು ಹನ್ನೆರಡು ಮಂದಿ ಆಳುಗಳು ಎರಡು ಮೂರು ಸಾವಿರ ದನಗಳನ್ನು ದಿನಕ್ಕೆ 10–15 ಮೈಲಿಯಂತೆ ತಿಂಗಳುಗಟ್ಟಲೆ ನಡೆಸುತ್ತಿದ್ದರು. ತಿಂಗಳಿಗೆ 25ರಿಂದ 40 ಡಾಲರ್ ಕೂಲಿ, ರಾತ್ರಿ ಸರದಿಯ ಕಾವಲು, ಗುಡುಗಿಗೆ ಬೆದರಿ ಮಂದೆ ಓಡಿದರೆ ಗೊರಸಿನಡಿ ಸಾವು. ಆ ಆಳುಗಳಲ್ಲಿ ಕಪ್ಪು ಜನರೂ ಮೆಕ್ಸಿಕನ್ನರೂ ಬಹಳ ಮಂದಿ ಇದ್ದರು ಎಂಬುದನ್ನು ಹಳೆಯ ಚಿತ್ರಗಳು ಮರೆಮಾಚಿದ್ದವು. ಇದನ್ನೆಲ್ಲ ಹೈಸ್ಕೂಲು ಓದುವ ಮೊಮ್ಮಗನಿಗೆ ತೋರಿಸಬೇಕೆಂದೇ ಅವನನ್ನು ಕರೆದುಕೊಂಡು ಹೋಗಿದ್ದೆ.

ಹೋದ ಪಾಡನ್ನೂ ಹೇಳಬೇಕು. ನಾಲ್ಕೂವರೆಗೆ ಎಂದು ಕರಪತ್ರದಲ್ಲಿ ಅಚ್ಚಾಗಿದ್ದ ಪ್ರದರ್ಶನವು ಸ್ವಾಗತ, ದೀಪ ಬೆಳಗುವುದು, ಶಾಲು ಹೊದಿಸುವುದು, ಮತ್ತೊಮ್ಮೆ ಸ್ವಾಗತ ಎಲ್ಲ ಮುಗಿದು ಆರಕ್ಕೆ ಶುರುವಾಯಿತು. ಕನ್ನಡ ಉಪಶೀರ್ಷಿಕೆ ಇರುತ್ತದೆ ಎಂದಿದ್ದರು, ಇರಲಿಲ್ಲ. ನನಗೆ ಅರ್ಥವಾದಷ್ಟನ್ನು ಮೊಮ್ಮಗನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರೆ ಹಿಂದಿನ ಸಾಲಿನವರು ಗದರಿದರು, ಅದು ನ್ಯಾಯವೇ. ಮುರಿದ ಕುರ್ಚಿಯಲ್ಲಿ ಒಂದೇ ಮಗ್ಗುಲಿಗೆ ಕೂತು ಸೊಂಟ ಹಿಡಿದುಕೊಂಡಿತು, ತಲೆಯ ಮೇಲಿನ ಫ್ಯಾನು ತಿರುಗಿದ್ದಕ್ಕಿಂತ ಕಿರುಗುಟ್ಟಿದ್ದೇ ಹೆಚ್ಚು, ಶೌಚಾಲಯಕ್ಕೆ ಎಂದಿನಂತೆ ಬೀಗ. ಇಷ್ಟನ್ನೂ ಸಹಿಸಿಕೊಂಡು ಕೂತವರ ಮುಂದೆ, ಶಾಲು ಹೊದ್ದು ಹೊರಗೆ ಹೋಗಿದ್ದ ಮಾನ್ಯ ಅಧಿಕಾರಿಗಳು ಗುಂಡಿನ ಸದ್ದು ಕೇಳಿ ಒಳಬಂದು, ಪರದೆಯನ್ನು ಒಂದು ನಿಮಿಷ ನೋಡಿ, ದೀಪ ಹಾಕಿಸಿದರು. ಒಂದೇ ನಿಮಿಷದಲ್ಲಿ ಒಂದು ಚಿತ್ರವನ್ನು ಅರ್ಥ ಮಾಡಿಕೊಂಡು ತೀರ್ಪು ಕೊಡುವ ಸಾಮರ್ಥ್ಯ ನಮ್ಮ ಅರ್ಜಿಗಳ ವಿಲೇವಾರಿಯಲ್ಲಿ ಮಾತ್ರ ಏಕೆ ಕಾಣುವುದಿಲ್ಲವೋ ತಿಳಿಯದು.

ಅವರು ನಿಲ್ಲಿಸಿದ ಘಟ್ಟ ಇದು. ದಾರಿಯಲ್ಲಿ ತಂಗಿದ್ದ ಬಡ ಧಾರ್ಮಿಕ ಪಂಗಡವೊಂದನ್ನು ಜಮೀನ್ದಾರನೊಬ್ಬ ಬೆದರಿಸಿ ಓಡಿಸಲು ನಿಂತಿರುತ್ತಾನೆ. ದನ ತಲುಪಿಸುವುದಷ್ಟೇ ತನ್ನ ಕೆಲಸ ಎಂದು ತಂಡದ ಯಜಮಾನ ಕಲ್ಪೆಪರ್ ಮುಂದೆ ಸಾಗುತ್ತಾನೆ, ಹುಡುಗ ಮಾತ್ರ ಅವರ ಪರವಾಗಿ ಉಳಿಯುತ್ತಾನೆ. ಅವನನ್ನು ಬಿಟ್ಟುಹೋಗಲು ಮನಸ್ಸಾಗದೆ ನಾಲ್ವರು ಸಂಗಾತಿಗಳು ಮರಳಿ ಬರುತ್ತಾರೆ. ಕಾಳಗ ಆರಂಭವಾಯಿತು, ನಮ್ಮ ಸಭಾಂಗಣದಲ್ಲಿ ದೀಪವೂ ಬಂತು. ಮುಂದೆ ಆ ನಾಲ್ವರೂ ಸಾಯುತ್ತಾರೆ. ಯಾರಿಗಾಗಿ ಸತ್ತರೋ ಆ ಜನರೇ, ರಕ್ತ ಬಿದ್ದ ನೆಲದಲ್ಲಿ ತಾವು ಇರಲಾರೆವೆಂದು ಹೊರಟು ನಿಲ್ಲುತ್ತಾರೆ. ಕೊನೆಗೆ ಹುಡುಗ ತನ್ನ ಪಿಸ್ತೂಲನ್ನು ಬಿಸಾಡಿ ಒಬ್ಬನೇ ಹೊರಡುತ್ತಾನೆ. ಚಿತ್ರದ ಹುರುಳಿರುವುದು ಈ ಕೊನೆಯಲ್ಲಿ. ಅದೇ ವರ್ಷ ಬಂದ ಜಾನ್ ವೇಯ್ನ್ ಅವರ ‘ದ ಕೌಬಾಯ್ಸ್’ನಲ್ಲಿ ಶಾಲೆಗೆ ಹೋಗುವ ಹುಡುಗರು ತಮ್ಮ ಯಜಮಾನನನ್ನು ಕೊಂದವರ ಮೇಲೆ ಸೇಡು ತೀರಿಸಿಕೊಂಡು ದೊಡ್ಡವರಾಗುತ್ತಾರೆ; ಇಲ್ಲಿಯ ಹುಡುಗ ಬಂದೂಕು ಬಿಟ್ಟು ದೊಡ್ಡವನಾಗುತ್ತಾನೆ. ವಿಯೆಟ್ನಾಂ ಯುದ್ಧಕ್ಕೆ ಅಮೆರಿಕ ತನ್ನ ಹುಡುಗರನ್ನು ಕಳುಹಿಸುತ್ತಿದ್ದ ಕಾಲದಲ್ಲಿ ಹೀಗೆ ಚಿತ್ರ ಮಾಡುವುದಕ್ಕೆ ಎದೆಗಾರಿಕೆ ಬೇಕಿತ್ತು.

ಹೀಗೆ, ಕೊಲೆಗಳನ್ನು ಸಾಲಾಗಿ ತೋರಿಸಿ, ಕೊಲೆಯಿಂದ ಹುಡುಗ ಹಿಂದೆ ಸರಿಯುವ ಭಾಗವನ್ನು ಮಾತ್ರ ಮಕ್ಕಳಿಂದ ಕಾಪಾಡಲಾಯಿತು. ಕಥೆಯ ಮೊದಲ ಮುಕ್ಕಾಲು ಭಾಗದಲ್ಲಿ ಕುದುರೆಗಳ್ಳರೂ ದನಗಳ್ಳರೂ ಗುಂಡೇಟಿಗೆ ಉರುಳುತ್ತಿದ್ದಾಗ ಈ ಕಾಳಜಿ ಎಲ್ಲಿತ್ತು? ಹೊರಗೆ ಆವರಣದಲ್ಲಿ ಮಕ್ಕಳು ಬೆರಳನ್ನೇ ಪಿಸ್ತೂಲು ಮಾಡಿಕೊಂಡು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದುದನ್ನು ಅಧಿಕಾರಿಗಳು ನೋಡಿದ್ದರೆ ತಮ್ಮ ಸೇವೆಯ ಫಲ ಅವರಿಗೆ ತಿಳಿಯುತ್ತಿತ್ತು. ಆದರೆ ಅಷ್ಟರಲ್ಲಿ ಅವರ ಕಾರು ಹೊರಟುಹೋಗಿತ್ತು. ನಮಗೆ ಬಸ್ಸು ಸಿಕ್ಕಲಿಲ್ಲ. ಆಟೊದವರು ಕೇಳಿದಷ್ಟು ಕೊಟ್ಟು ಮನೆ ಸೇರಿದೆವು.

ಇದೇ ಕಚೇರಿಯವರು ಕಳೆದ ಮಳೆಗಾಲದಲ್ಲಿ ವಾಚನಾಲಯದ ಸೋರುವ ಸೂರಿನ ಕೆಳಗೆ ಬಕೆಟ್ ಇಟ್ಟು ದುರಸ್ತಿ ಮುಗಿಯಿತೆಂದು ಬರೆದುಕೊಂಡವರು. ಸಭಾಂಗಣದ ಮುಂದಿನ ಚರಂಡಿಯ ಬಗ್ಗೆ ನಾವು ಕೊಟ್ಟ ಮನವಿಗೆ ಸ್ವೀಕೃತಿಯ ಮೊಹರು ಬಿದ್ದಿದ್ದೇ ಕೊನೆ. ಚಿತ್ರಗಳ ಪಟ್ಟಿಯನ್ನು ಅಂತಿಮಗೊಳಿಸುವಾಗ ಒಬ್ಬರಾದರೂ ಇದನ್ನು ಮೊದಲೇ ನೋಡಿದ್ದರೆ ಎಂದು ಕೇಳಿದ್ದಕ್ಕೆ, ಕುದುರೆ ಮತ್ತು ಹುಡುಗನ ಚಿತ್ರವಿದ್ದುದರಿಂದ ಮಕ್ಕಳಿಗೆ ಆಗುತ್ತದೆಂದು ಆರಿಸಿದೆವು ಎಂಬ ಉತ್ತರ ಬಂತು. ಕುದುರೆಯನ್ನು ಕೇಳಿದ್ದರೂ ಇದಕ್ಕಿಂತ ಒಳ್ಳೆಯ ಉತ್ತರ ಸಿಗುತ್ತಿತ್ತು.

ಆದ್ದರಿಂದ ಸಂಬಂಧಪಟ್ಟವರು ಈ ಚಿತ್ರವನ್ನು ಮುಂದಿನ ಭಾನುವಾರವೇ ಮೊದಲಿನಿಂದ ಕೊನೆಯವರೆಗೆ, ಉಪಶೀರ್ಷಿಕೆಯೊಂದಿಗೆ, ಭಾಷಣವಿಲ್ಲದೆ ತೋರಿಸಬೇಕು. ಅದು ಆಗದಿದ್ದರೆ ಚಿತ್ರೋತ್ಸವ ಎಂಬ ಹೆಸರಿನ ಈ ಸಮಾರಂಭವನ್ನೇ ನಿಲ್ಲಿಸಿ, ಆ ಹಣದಲ್ಲಿ ಕುರ್ಚಿಗಳನ್ನಾದರೂ ರಿಪೇರಿ ಮಾಡಿಸಬೇಕು. ಯಾವುದನ್ನೂ ಮಾಡುವ ಮನಸ್ಸಿಲ್ಲದಿದ್ದಲ್ಲಿ ಕನಿಷ್ಠ ಶೌಚಾಲಯದ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ಪ್ರಕಟಣೆಯ ಮೂಲಕ ತಿಳಿಸಲಿ.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ