ಕೋಪ ಬಂತೋ, ಮಾಡಿಕೊಂಡೆಯೋ?

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಮೇಲಧಿಕಾರಿಗೆ ಕೊಡಬೇಕೆಂದು ಬರೆದ ಕಾಗದ ಓದಿದೆ. ನ್ಯಾಯ ನಿನ್ನ ಕಡೆಗಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಾಗದ ಹೀಗೇ ಹೋದರೆ ಅವರಿಗೆ ನ್ಯಾಯ ಕಾಣುವುದಿಲ್ಲ, ಸಿಟ್ಟಷ್ಟೇ ಕಾಣುತ್ತದೆ.

‘ನೀವು ನನ್ನನ್ನು ಕಡೆಗಣಿಸುತ್ತಿದ್ದೀರಿ ಅಂತ ನನಗೆ ಅನಿಸುತ್ತದೆ’ ಎಂದು ಬರೆದಿದ್ದೀಯ. ಕೊನೆಗೆ ‘ಅನಿಸುತ್ತದೆ’ ಸೇರಿಸಿದ ಮಾತ್ರಕ್ಕೆ ಅದು ಭಾವನೆ ಆಗುವುದಿಲ್ಲ ಮಗಳೇ, ಅದು ಆರೋಪ. ‘ಹಾಗೇನಿಲ್ಲವಲ್ಲ’ ಎಂದು ಅವರು ಒಂದೇ ಮಾತಲ್ಲಿ ತಳ್ಳಿಹಾಕಬಹುದು. ‘ಸಭೆಯಲ್ಲಿ ಎಲ್ಲರ ಹೆಸರು ಹೇಳಿ ನನ್ನದನ್ನು ಬಿಟ್ಟಾಗ ನನಗೆ ಅವಮಾನವಾಯಿತು’ ಎಂದು ಬರೆ. ಅದನ್ನು ಯಾರು ಅಲ್ಲಗಳೆಯುತ್ತಾರೆ? ಆದದ್ದು ನಿನಗೆ.

ಶಾಲೆಯಲ್ಲಿ ಕಲಿತ ವಿಭಕ್ತಿ ಇಲ್ಲಿ ಕೆಲಸಕ್ಕೆ ಬರುತ್ತದೆ ನೋಡು. ನನಗೆ ಸಿಟ್ಟು ಬಂತು, ನನಗೆ ಭಯವಾಯಿತು, ನನಗೆ ಇಷ್ಟ. ಎಲ್ಲವೂ ಚತುರ್ಥಿ, ಅಂದರೆ ‘ಗೆ’ ಹತ್ತಿದ ರೂಪ. ಕನ್ನಡದಲ್ಲಿ ಭಾವನೆ ಹೆಚ್ಚಾಗಿ ತಾನಾಗಿ ಬರುತ್ತದೆ, ಆಗುತ್ತದೆ. ಒಪ್ಪುತ್ತೇನೆ, ನಂಬುತ್ತೇನೆ, ವಿರೋಧಿಸುತ್ತೇನೆ ಎನ್ನುವಾಗ ಮಾತ್ರ ‘ನಾನು’ ಮುಂದೆ ಬಂದು ನಿಲ್ಲಬೇಕು. ಯಾಕೆ ಎಂದು ಯಾರಾದರೂ ಕೇಳಿದರೆ ಕಾರಣ ಕೊಡಬೇಕು. ಇವೆರಡರ ನಡುವೆ ಇನ್ನೊಂದಿದೆ: ‘ಕೋಪ ಮಾಡಿಕೊಂಡೆ’. ಬಂದ ಕೋಪಕ್ಕೆ ಯಾರೂ ನಿನ್ನನ್ನು ದೂರುವುದಿಲ್ಲ, ಮಾಡಿಕೊಂಡದ್ದಕ್ಕೆ ನೀನೇ ಉತ್ತರ ಹೇಳಬೇಕು. ‘ಬೇಜಾರು ಮಾಡ್ಕೋಬೇಡ’ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳುತ್ತಾಳಲ್ಲ, ಬೇಜಾರೇ ಆಗಬಾರದು ಅಂತಲ್ಲ ಅವಳ ಮಾತು. ಆದದ್ದನ್ನು ಹಿಡಿದುಕೊಂಡು ಕೂರಬೇಡ ಅಂತ.

ಆ ‘ಬೇಜಾರು’ ನಿನ್ನ ಕಾಗದದ ತುಂಬ ಇದೆ. ಬಸ್ಸು ತಪ್ಪಿದರೂ ಬೇಜಾರು, ಸಾವಿನ ಮನೆಗೆ ಹೋಗಿಬಂದರೂ ಬೇಜಾರು, ಭಾನುವಾರ ಹೊತ್ತು ಹೋಗದಿದ್ದರೂ ಬೇಜಾರು. ಆಡುಮಾತಿಗೆ ಸಾಕು, ಇಂಥ ಕಾಗದಕ್ಕೆ ಸಾಲದು. ನಿನಗಾದದ್ದು ಮುಜುಗರವೋ, ಕಸಿವಿಸಿಯೋ, ಅವಮಾನವೋ? ಭರತನ ನಾಟ್ಯಶಾಸ್ತ್ರ ಮನಸ್ಸಿನಲ್ಲಿ ನೆಲೆನಿಲ್ಲುವ 8 ಸ್ಥಾಯಿಭಾವಗಳ ಜೊತೆಗೆ, ಬಂದು ಹೋಗುವ 33 ವ್ಯಭಿಚಾರಿ ಭಾವಗಳನ್ನು ಹೆಸರಿಟ್ಟು ಹೇಳುತ್ತದೆ. ಅಲ್ಲಿ ಕ್ರೋಧ ಸ್ಥಾಯಿ. ಅವಮಾನವಾದಾಗ ಸಹಿಸಲಾಗದೆ ಏಳುವ ಅಮರ್ಷ ಅದಲ್ಲ, ಇನ್ನೊಬ್ಬರ ಏಳಿಗೆ ಕಂಡು ಹುಟ್ಟುವ ಅಸೂಯೆಯೂ ಅದಲ್ಲ. ಕಚೇರಿಯ ಕಾಗದದಲ್ಲಿ ‘ಅಮರ್ಷ’ ಬರೆದೀಯೆ ಮತ್ತೆ, ನಕ್ಕಾರು! ಆದರೆ ನಿನ್ನ ಜೊತೆಗೇ ಸೇರಿದ ಆ ಹುಡುಗನಿಗೆ ಬಡ್ತಿ ಸಿಕ್ಕಿತಲ್ಲ, ಈ ಸಿಟ್ಟಿನಲ್ಲಿ ಅದರ ಹೊಟ್ಟೆಕಿಚ್ಚು ಎಷ್ಟಿದೆ ಎಂದು ಒಬ್ಬಳೇ ಕೂತು ಯೋಚಿಸು. ಇದ್ದರೆ ಇರಲಿ, ಅದು ಮನುಷ್ಯರಿಗೆ ಬರುವಂಥದ್ದೇ. ಅದಕ್ಕೆ ಅನ್ಯಾಯ ಎಂಬ ಹೆಸರು ಹಚ್ಚಬೇಡ, ಅಷ್ಟೇ.

‘ಇವಳ ಕೈಲಿ ಆಗಲ್ಲ ಅಂತ ಹೇಳಿದರು’ ಎಂಬ ಸಾಲನ್ನು ನೀನು ಕಿವಿಯಾರೆ ಕೇಳಿದ್ದೆಯೋ? ಯಾರೋ ತಂದು ಮುಟ್ಟಿಸಿದ್ದಾದರೆ ‘ಹೇಳಿದರಂತೆ’ ಎಂದು ತಿದ್ದಿ ಓದಿ ನೋಡು. ಆಮೇಲೂ ಅದು ಅಲ್ಲಿರಬೇಕು ಎನಿಸಿದರೆ ಇಟ್ಟುಕೋ.

ನಿನ್ನ ವರದಿ ನೋಡಿ ‘ಪರವಾಗಿಲ್ಲ’ ಅಂದರು ಎಂದು ನೊಂದುಕೊಂಡಿರುವ ಸಾಲನ್ನು ಮಾತ್ರ ಹೊಡೆದುಹಾಕು. ಅವರು ಮೈಸೂರು ಕಡೆಯವರು ಅಂದಿದ್ದೆಯಲ್ಲವೆ? ಆ ಕಡೆಯ ಹಿರಿಯರ ಬಾಯಲ್ಲಿ ಅದು ಎಷ್ಟೋ ಸಲ ಮೆಚ್ಚುಗೆಯೇ. ಹೇಳುವಾಗ ತಲೆದೂಗಿದರೋ, ಮುಖ ತಿರುಗಿಸಿದರೋ ನೆನಪು ಮಾಡಿಕೋ. ಧಾರವಾಡದವರಾಗಿದ್ದರೆ ‘ಚಲೋ ಆಗೇದ’ ಅಂದುಬಿಡುತ್ತಿದ್ದರು, ನಿನಗೆ ಈ ಕಷ್ಟವೇ ಇರುತ್ತಿರಲಿಲ್ಲ.

‘ನನ್ನ ಅಭಿಪ್ರಾಯದಲ್ಲಿ’ ಎಂದು ಎರಡು ಕಡೆ ಬರೆದಿದ್ದೀಯ, ಎರಡೂ ಕಡೆ ಕಾರಣ ಕೊಟ್ಟಿಲ್ಲ. ಅದನ್ನು ತುಂಬಿಸಿ, ಶನಿವಾರ ಸಂಜೆ ಫೋನು ಮಾಡಿ ಓದಿ ಹೇಳು. ಅಲ್ಲಿಯವರೆಗೆ ಕಳಿಸಬೇಡ.

ಇಂತಿ,
ನಿನ್ನ ದೊಡ್ಡಪ್ಪ